ಭೂಮಿಯ ಒಡಲಿನ ಸುದ್ದಿ

ಸಂತೆಗೆ ಹೋಗಿ ತೆಂಗಿನಕಾಯಿ ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಒಡೆದು ನೋಡಲು ಅಂಗಡಿಯವನು ಬಿಡುವುದಿಲ್ಲ. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತೀರಿ. ಬೆರಳಿನಿಂದ ತಟ್ಟಿ ನೋಡುತ್ತೀರಿ. ಒಳಗೆ ನೀರು ಇದೆಯೋ ಇಲ್ಲವೋ, ಕಾಯಿ ಎಳೆಯದೋ ಬಲಿತುದೋ ಎಂಬುದನ್ನು ಆ ಸದ್ದೇ ಹೇಳಿಬಿಡುತ್ತದೆ. ಮಡಕೆ ಕೊಳ್ಳುವವರೂ ಹೀಗೆಯೇ ತಟ್ಟಿ, ಬಿರುಕಿದೆಯೇ ಎಂದು ತಿಳಿಯುತ್ತಾರೆ. ನಾವು ನಿಂತಿರುವ ಈ ಭೂಮಿಯ ಒಳಗೇನಿದೆ ಎಂಬುದನ್ನು ಮನುಷ್ಯನು ತಿಳಿದುಕೊಂಡದ್ದೂ ಇದೇ ಉಪಾಯದಿಂದ ಎಂದರೆ ನಿಮಗೆ ಸೋಜಿಗವಾದೀತು.

ಅಗೆದು ನೋಡಬಾರದೆ ಎಂದು ನೀವು ಕೇಳಬಹುದು. ಕೋಲಾರದ ಚಿನ್ನದ ಗಣಿಯ ಹೆಸರನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ನೂರಿಪ್ಪತ್ತು ವರ್ಷಗಳ ಕಾಲ ಅಗೆದು ೨೦೦೧ರಲ್ಲಿ ಅದನ್ನು ಮುಚ್ಚುವ ವೇಳೆಗೆ ಅದರ ಆಳ ೩ ಕಿಲೋಮೀಟರನ್ನು ಮೀರಿದ್ದಿತು. ಅಷ್ಟರಲ್ಲಿಯೇ ತಳದ ಬಂಡೆ ಕೈಯಿಟ್ಟರೆ ತಾಳಲಾರದಷ್ಟು ಬಿಸಿ. ರಷ್ಯಾದೇಶದ ಕೋಲಾ ಪ್ರಾಂತದಲ್ಲಿ ೧೯೭೦ರಲ್ಲಿ ಕೊರೆಯತೊಡಗಿದ ಒಂದು ಕಿರಿದಾದ ಬಾವಿ ೧೯೮೯ರ ಹೊತ್ತಿಗೆ ೧೨ ಕಿಲೋಮೀಟರಿಗೆ ಸ್ವಲ್ಪ ಮಿಕ್ಕ ಆಳಕ್ಕೆ ಇಳಿಯಿತು. ಅಲ್ಲಿಂದ ಮುಂದಕ್ಕೆ ಬೈರಿಗೆ ಇಳಿಯಲಿಲ್ಲ. ಆದರೆ ಭೂಮಿಯ ನಡುವಿಗೆ ಇರುವ ದೂರ ೬,೩೭೧ ಕಿಲೋಮೀಟರು! ಭೂಮಿಯನ್ನು ತೆಂಗಿನಕಾಯಿ ಎಂದು ಭಾವಿಸಿದರೆ ನಮ್ಮ ಬೈರಿಗೆ ಸಿಪ್ಪೆಯ ನಾರಿನ ಒಂದೆಳೆಯನ್ನು ದಾಟಿದೆ, ಅಷ್ಟೆ.

ತೆಂಗಿನಕಾಯನ್ನಾದರೆ ನಾವು ಅಲ್ಲಾಡಿಸಬಹುದು, ಭೂಮಿಯನ್ನು ಅಲ್ಲಾಡಿಸುವವರಾರು? ಭೂಮಿಯೇ ಆಗಾಗ ಅಲ್ಲಾಡುತ್ತದೆ. ಅದಕ್ಕೆ ನಾವು ಭೂಕಂಪವೆನ್ನುತ್ತೇವೆ, ಅಂಜುತ್ತೇವೆ, ಸತ್ತವರಿಗಾಗಿ ಅಳುತ್ತೇವೆ. ಆ ನಡುಕಕ್ಕೆ ಕಿವಿಗೊಟ್ಟು ಕೇಳಿದ ಕೆಲವು ಮಂದಿಯಿಂದ ಭೂಮಿಯ ಒಡಲಿನ ಸುದ್ದಿ ನಮಗೆ ತಿಳಿಯಬಂದಿತು. ಆ ಕಥೆಯ ದೊಡ್ಡ ಭಾಗ ನಡೆದುದು ನಮ್ಮ ಭಾರತದಲ್ಲಿಯೇ. ಅದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದು ನನ್ನ ಆಸೆ.

ಮೊದಲ ಸುಳಿವು ಸಿಕ್ಕಿದುದು ತೂಕದಿಂದ. ೧೭೯೮ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಎಂಬ ವಿಜ್ಞಾನಿ ಸೀಸದ ಗುಂಡುಗಳ ಪರಸ್ಪರ ಆಕರ್ಷಣೆಯನ್ನು ಅಳೆದು, ಭೂಮಿ ಒಟ್ಟಿನಲ್ಲಿ ತನ್ನಷ್ಟೇ ಗಾತ್ರದ ನೀರಿಗಿಂತ ಸುಮಾರು ಐದೂವರೆ ಪಟ್ಟು ಭಾರವೆಂದು ಗೊತ್ತುಮಾಡಿದನು. ನಮ್ಮ ಕಾಲ ಕೆಳಗಿನ ಕಲ್ಲುಬಂಡೆಯಾದರೋ ನೀರಿಗಿಂತ ಎರಡೂಮುಕ್ಕಾಲು ಪಟ್ಟಿನಷ್ಟು ಮಾತ್ರ ಭಾರ. ಮೇಲಿನದು ಹಗುರ, ಒಟ್ಟು ಭಾರ ಎಂದರೆ ಒಳಗಿನದು ಬಹಳ ಭಾರವಾಗಿರಲೇಬೇಕು. ಭೂಮಿ ಒಂದೇ ಪದಾರ್ಥದ ಉಂಡೆಯಲ್ಲವೆಂಬುದು ಇಷ್ಟರಿಂದಲೇ ಸಿದ್ಧವಾಯಿತು.

ಎರಡನೆಯ ಸುಳಿವು ಸಿಕ್ಕಿದುದು ಒಂದು ತಪ್ಪಿನಿಂದ. ೧೮೦೦ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ನಮ್ಮ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಒಂದು ನೇರವಾದ ಗೆರೆಯನ್ನು ಸರಪಣಿಯಿಂದ ಅಳೆದನು. ಎರಡು ವರ್ಷಗಳ ಮೇಲೆ ಮದರಾಸಿನಲ್ಲಿ ಇನ್ನೊಂದು ಗೆರೆಯನ್ನು ಅಳೆದು, ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನವನ್ನು ಹೆಣೆಯುತ್ತ ಇಡೀ ಭರತಖಂಡವನ್ನು ಅಳೆಯುವ ಮಹಾಕಾರ್ಯಕ್ಕೆ ತೊಡಗಿದನು. ಅವನ ಅನಂತರ ಈ ಕೆಲಸವನ್ನು ಹಿಮಾಲಯದ ತಪ್ಪಲಿನವರೆಗೆ ಒಯ್ದವನು ಜಾರ್ಜ್ ಎವರೆಸ್ಟ್.

ಎವರೆಸ್ಟನ ಲೆಕ್ಕದಲ್ಲಿ ಒಂದು ತೊಡಕು ಬಂದಿತು. ಮಧ್ಯಭಾರತದ ಕಲ್ಯಾಣಪುರ, ಉತ್ತರದ ಕಲಿಯಾನ ಎಂಬ ಎರಡು ಠಾಣ್ಯಗಳ ನಡುವಣ ಅಂತರವನ್ನು ನೆಲದ ಮೇಲೆ ಅಳೆದಾಗ ಬಂದ ಫಲ ಒಂದು. ನಕ್ಷತ್ರಗಳನ್ನು ನೋಡಿ ಗುಣಿಸಿದಾಗ ಬಂದುದು ಇನ್ನೊಂದು. ವ್ಯತ್ಯಾಸ ಕೋನದ ಲೆಕ್ಕದಲ್ಲಿ ೫ ಸೆಕೆಂಡಿಗೆ ಸ್ವಲ್ಪ ಹೆಚ್ಚು. ನೆಲದ ಮೇಲೆ ಹೇಳಬೇಕಾದರೆ ಸುಮಾರು ೧೬೦ ಮೀಟರು. ಆರುನೂರು ಕಿಲೋಮೀಟರು ದೂರದಲ್ಲಿ ಇಷ್ಟು ತಪ್ಪು ಬಂದರೆ ಬೇರೆ ಯಾರಾದರೂ ‘ಹೋಗಲಿ ಬಿಡು’ ಎನ್ನುತ್ತಿದ್ದರು. ಈ ಜನ ಬಿಡಲಿಲ್ಲ.

ನಕ್ಷತ್ರದ ಎತ್ತರವನ್ನು ಅಳೆಯಬೇಕಾದರೆ ಮೊದಲು ನೆಟ್ಟನೆಯ ಗೆರೆ ಯಾವುದೆಂದು ಗೊತ್ತಿರಬೇಕು. ಗಾರೆಯ ಕೆಲಸದವನು ಗೋಡೆ ನೆಟ್ಟಗಿದೆಯೇ ಎಂದು ನೋಡಲು ತೂಗುಗುಂಡನ್ನು ಬಿಡುತ್ತಾನಲ್ಲವೆ? ಮೋಜಣಿಯವರದೂ ಅದೇ ತೂಗುಗುಂಡು. ಆದರೆ ಹತ್ತಿರದಲ್ಲಿ ಹಿಮಾಲಯದಂತಹ ಬೃಹತ್ಪರ್ವತವಿದ್ದರೆ ಅದು ಗುಂಡನ್ನು ತನ್ನ ಕಡೆಗೆ ಕೊಂಚ ಸೆಳೆಯುತ್ತದೆ, ದಾರ ಓರೆಯಾಗುತ್ತದೆ, ಲೆಕ್ಕ ತಪ್ಪುತ್ತದೆ. ಕಲ್ಕತ್ತೆಯಲ್ಲಿ ಕ್ರೈಸ್ತ ಧರ್ಮಾಧಿಕಾರಿಯಾಗಿದ್ದ, ಗಣಿತದಲ್ಲಿಯೂ ಪಂಡಿತನಾಗಿದ್ದ ಜಾನ್ ಪ್ರಾಟ್ ಎಂಬವನು ಹಿಮಾಲಯದ ರಾಶಿ ಎಷ್ಟು, ಅದರ ಸೆಳೆತ ಎಷ್ಟಿರಬೇಕು ಎಂದು ಗುಣಿಸಿ ನೋಡಿದನು. ಬಂದ ಉತ್ತರ ಸುಮಾರು ೧೬ ಸೆಕೆಂಡು! ಕಂಡುಬಂದ ತಪ್ಪು ೫ ಸೆಕೆಂಡು ಮಾತ್ರ. ಅಂದರೆ ಹಿಮಾಲಯವು ತನ್ನ ಗಾತ್ರಕ್ಕೆ ತಕ್ಕಷ್ಟು ಸೆಳೆಯುತ್ತಿರಲಿಲ್ಲ. ಮೂರರಲ್ಲಿ ಒಂದು ಪಾಲು ಸೆಳೆಯುತ್ತಿತ್ತು.

ಅಷ್ಟು ದೊಡ್ಡ ಪರ್ವತ ಪೊಳ್ಳೆ? ೧೮೫೫ರಲ್ಲಿ ಇಂಗ್ಲೆಂಡಿನ ರಾಜಜ್ಯೋತಿರ್ವಿಜ್ಞಾನಿ ಜಾರ್ಜ್ ಏರಿ ಇದಕ್ಕೆ ಒಂದು ಸಮಾಧಾನವನ್ನು ಸೂಚಿಸಿದನು. ಹೊಳೆಯಲ್ಲಿ ತೇಲುವ ಮರದ ದಿಮ್ಮಿಯನ್ನು ನೋಡಿರಿ. ನೀರಿನ ಮೇಲೆ ಹೆಚ್ಚು ಎತ್ತರಕ್ಕೆ ಕಾಣುವ ದಿಮ್ಮಿ ನೀರಿನೊಳಗೂ ಹೆಚ್ಚು ಆಳಕ್ಕೆ ಇಳಿದಿರುತ್ತದೆ. ಪರ್ವತಗಳೂ ಹಾಗೆಯೇ. ಹಗುರವಾದ ಬಂಡೆಯಿಂದಾದ ನೆಲವು ಕೆಳಗಿನ ಭಾರವಾದ ಪದಾರ್ಥದ ಮೇಲೆ ತೇಲುತ್ತಿದೆ. ಪರ್ವತಕ್ಕೆ ಕೆಳಗೆ ಆಳವಾದ ಬೇರು ಇದೆ. ಆ ಬೇರು ಹಗುರವಾದುದರಿಂದ ಮೇಲಿನ ರಾಶಿಯ ಸೆಳೆತವನ್ನು ಅದು ತಗ್ಗಿಸುತ್ತದೆ. ಇದು ಊಹೆ. ಆ ಬೇರನ್ನು ಯಾರೂ ಕಂಡಿರಲಿಲ್ಲ. ಕಾಣಿಸಿದುದು ಭೂಕಂಪ.

೧೮೯೭ರ ಜೂನ್ ೧೨ರ ಸಂಜೆ, ಐದು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ, ಅಸ್ಸಾಮಿನಲ್ಲಿ ನೆಲ ನಡುಗಿತು. ಷಿಲ್ಲಾಂಗ್ ಪಟ್ಟಣದ ಕಲ್ಲುಕಟ್ಟಡಗಳೆಲ್ಲ ಒಂದು ನಿಮಿಷದೊಳಗೆ ನೆಲಸಮವಾದುವು. ಭೂಮಿಯಲ್ಲಿ ಹುದುಗಿದ್ದ ಬಂಡೆಗಳು ತಾವಿದ್ದ ಗುಳಿಯ ಅಂಚು ಸಹ ಮುರಿಯದಂತೆ ಮೇಲಕ್ಕೆ ಹಾರಿ ಬಿದ್ದುವು. ಸತ್ತವರು ಸುಮಾರು ಹದಿನೈದು ನೂರು ಮಂದಿ. ಹೊತ್ತು ಸಂಜೆಯಾಗಿ, ಜನ ಮನೆಯ ಹೊರಗಿದ್ದುದರಿಂದ ಇಷ್ಟಕ್ಕೆ ನಿಂತಿತು, ನಡುರಾತ್ರಿಯಾಗಿದ್ದರೆ ಏನಾಗುತ್ತಿತ್ತೋ!

ಆಗ ಭಾರತದ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯಲ್ಲಿ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಎಂಬ ಅಧಿಕಾರಿಯಿದ್ದನು. ಆ ಇಲಾಖೆಯ ಮೊದಲ ಮುಖ್ಯಸ್ಥನಾಗಿದ್ದ ಥಾಮಸ್ ಓಲ್ಡ್‌ಹ್ಯಾಮನ ಮಗ ಈತ. ಕುಸಿದ ಊರುಗಳ ಸ್ಥಿತಿ, ಬಿರುಕುಬಿಟ್ಟ ನೆಲ, ಯಾವ ಮನೆ ಬಿದ್ದಿತು, ಯಾವುದು ನಿಂತಿತು ಎಂಬ ವಿವರಗಳನ್ನೆಲ್ಲ ಕೂಡಿಸಿ ೧೮೯೯ರಲ್ಲಿ ಒಂದು ದೊಡ್ಡ ವರದಿಯನ್ನು ಅಚ್ಚುಮಾಡಿಸಿದನು. ಷಿಲ್ಲಾಂಗಿನಲ್ಲಿ ಕಲ್ಲಿನ ಮನೆಗಳು ಉರುಳಿದುವು. ಮರದ ಚೌಕಟ್ಟಿಗೆ ಹಲಗೆ ಹೊಡೆದು ನೆಲದ ಮೇಲೆ ಸುಮ್ಮನೆ ಕೂರಿಸಿದ್ದ ಮನೆಗಳು ಉಳಿದುವು ಎಂಬ ಮಾತು ಆ ವರದಿಯಲ್ಲಿದೆ. ಈ ಮಾತನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ನಮಗೆ ಬೇಕಾಗುತ್ತದೆ.

ಅದೇ ಸಂಜೆ ಸಾವಿರಾರು ಮೈಲಿ ದೂರದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ದೂರದ ಭೂಕಂಪವನ್ನು ಉಪಕರಣವು ಗ್ರಹಿಸಬಲ್ಲುದೆಂಬುದು ೧೮೮೯ರಲ್ಲಿ ಗೊತ್ತಾಗಿತ್ತು. ಆ ವರ್ಷ ಜಪಾನಿನ ಒಂದು ಭೂಕಂಪ ಜರ್ಮನಿಯ ಪಾಟ್ಸ್‌ಡಾಮಿನಲ್ಲಿದ್ದ ಸೂಕ್ಷ್ಮ ಲೋಲಕವನ್ನು ಅಲುಗಿಸಿತ್ತು. ಈಗ ಅಸ್ಸಾಮಿನ ನಡುಕವನ್ನು ಇಟಲಿ ಮೊದಲಾದ ದೇಶಗಳ ಉಪಕರಣಗಳು ಬರೆದುಕೊಂಡಿದ್ದುವು. ಅಲ್ಲಿದ್ದ ಜನಕ್ಕೆ ಏನೂ ತಿಳಿಯಲಿಲ್ಲ. ಸೂಜಿ ಮಾತ್ರ ನಡುಗಿತು. ನಿಮ್ಮ ಮನೆಯ ರೇಡಿಯೋ ನಿಮ್ಮ ಕಿವಿಗೆ ಕೇಳದ ಅಲೆಯನ್ನು ಗಾಳಿಯಿಂದ ಹಿಡಿಯುವಂತೆ ಆ ಉಪಕರಣಗಳು ನೆಲದ ಅಲೆಯನ್ನು ಹಿಡಿದಿದ್ದುವು.

ಆ ಬರಹಗಳನ್ನು ತರಿಸಿಕೊಂಡು ಓಲ್ಡ್‌ಹ್ಯಾಮ್ ಪರೀಕ್ಷಿಸಿದನು. ಸೂಜಿ ಒಮ್ಮೆ ನಡುಗಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ನಡುಗಿ, ಕಡೆಯಲ್ಲಿ ದೊಡ್ಡದಾಗಿ ತೂಗಾಡಿತ್ತು. ಮೂರು ಬಗೆಯ ಅಲೆಗಳು ಬಂದಿವೆ ಎಂದು ೧೯೦೦ರಲ್ಲಿ ಅವನು ನಿರ್ಧರಿಸಿದನು. ಮೊದಲನೆಯದು ನೆಲವನ್ನು ಹಿಂದೆಮುಂದೆ ನೂಕುತ್ತ ಬರುವ ವೇಗದ ಅಲೆ. ಎರಡನೆಯದು ನೆಲವನ್ನು ಅಡ್ಡಡ್ಡಲಾಗಿ ಅಲುಗಿಸುತ್ತ ಬರುವ ನಿಧಾನದ ಅಲೆ. ಈ ಎರಡೂ ಭೂಮಿಯ ಒಡಲನ್ನು ಹಾಯ್ದು ಬರುತ್ತವೆ. ಮೂರನೆಯದು ಮೇಲ್ಮೈಯನ್ನು ಬಳಸಿಕೊಂಡು ಬರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರದಲ್ಲಿ ಬಿದ್ದಿತೆಂದು ಲೆಕ್ಕಹಾಕುವುದುಂಟಷ್ಟೆ? ಹಾಗೆಯೇ ಮೊದಲ ಅಲೆಗೂ ಎರಡನೆಯ ಅಲೆಗೂ ನಡುವೆ ಕಳೆದ ಹೊತ್ತಿನಿಂದ ಭೂಕಂಪ ಎಷ್ಟು ದೂರದಲ್ಲಿ ಆಯಿತೆಂದು ಹೇಳಬಹುದು.

ಓಲ್ಡ್‌ಹ್ಯಾಮ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟನು. ಬೇರೆ ಬೇರೆ ಭೂಕಂಪಗಳ ಬರಹಗಳನ್ನು ಹೋಲಿಸಿದಾಗ, ಭೂಮಿಯ ಆಳವನ್ನು ಹಾಯ್ದು ಮಗ್ಗುಲಾಚೆಗೆ ಹೋಗುವ ಅಲೆಗಳು ಬರಬೇಕಾದ ಹೊತ್ತಿಗೆ ಬರದೆ ತಡವಾಗಿ ಬರುತ್ತಿದ್ದುದನ್ನು ಕಂಡನು. ಗಟ್ಟಿ ನೆಲದ ಮೇಲೆ ಸರಸರನೆ ನಡೆಯುವವನು ಕೆಸರುಗದ್ದೆಗೆ ಇಳಿದರೆ ತಡವಾಗುವಂತೆ, ಈ ಅಲೆಗಳೂ ನಡುವೆ ಎಲ್ಲಿಯೋ ಬೇರೆ ಪದಾರ್ಥವನ್ನು ದಾಟಿ ಬಂದಿರಬೇಕು. ಭೂಮಿಗೆ ಬೇರೆಯೇ ಆದ ಒಂದು ಕೇಂದ್ರಗೋಳವಿದೆ ಎಂದು ೧೯೦೬ರಲ್ಲಿ ಅವನು ಸಾರಿದನು. ಅಸ್ಸಾಮಿನ ದುರಂತದಿಂದ ಆರಂಭವಾದ ಅಭ್ಯಾಸ ಒಂಬತ್ತು ವರ್ಷಗಳಲ್ಲಿ ಭೂಮಿಯ ನಡುವನ್ನು ಮುಟ್ಟಿತ್ತು.

ಅಲ್ಲಿಂದ ಮುಂದೆ ಪದರದ ಮೇಲೆ ಪದರ ತೆರೆಯತೊಡಗಿತು. ೧೯೦೯ರ ಅಕ್ಟೋಬರ್ ೮ರಂದು ಕ್ರೊಯೇಷಿಯಾದ ಜಾಗ್ರೆಬ್ ನಗರದ ಸಮೀಪದಲ್ಲಿ ಭೂಕಂಪವಾಯಿತು. ಅಲ್ಲಿನ ವಿಜ್ಞಾನಿ ಆಂದ್ರಿಯಾ ಮೊಹೊರೊವಿಚಿಚ್ ಒಂದೇ ಭೂಕಂಪದ ಮೊದಲ ಅಲೆ ಕೆಲವು ಕಡೆ ಎರಡು ಸಾರಿ ಬಂದಿರುವುದನ್ನು ಗುರುತಿಸಿದನು. ಒಂದು ಮೇಲಿನ ಬಂಡೆಯಲ್ಲೇ ನೇರವಾಗಿ ಬಂದುದು. ಇನ್ನೊಂದು ಕೆಳಗಿಳಿದು, ಅಲ್ಲಿನ ಭಾರವಾದ ಬಂಡೆಯಲ್ಲಿ ಬೇಗ ಓಡಿ, ಮತ್ತೆ ಮೇಲೆದ್ದು ಬಂದುದು. ಮೇಲಿನ ಭೂಕವಚ ಮುಗಿದು ಕೆಳಗಿನ ಮ್ಯಾಂಟಲ್ ಆರಂಭವಾಗುವ ಗಡಿ ಹೀಗೆ ಸಿಕ್ಕಿತು. ಈ ಗಡಿ ಸಾಗರದ ತಳದಲ್ಲಿ ಏಳೆಂಟು ಕಿಲೋಮೀಟರು ಕೆಳಗಿದೆ. ಭೂಖಂಡಗಳಲ್ಲಿ ಸಾಮಾನ್ಯವಾಗಿ ಮೂವತ್ತು ನಲವತ್ತು ಕಿಲೋಮೀಟರು. ಹಿಮಾಲಯ ಮತ್ತು ಟಿಬೆಟ್ಟಿನ ಕೆಳಗಾದರೋ ಎಪ್ಪತ್ತರ ಸಮೀಪ. ಏರಿ ಊಹಿಸಿದ್ದ ಪರ್ವತದ ಬೇರು ಅದೇ. ತೂಗುಗುಂಡಿನ ೫ ಸೆಕೆಂಡು ತಪ್ಪಿಗೆ ಸಾಕ್ಷಿ ದೊರೆತಂತಾಯಿತು.

ಕೇಂದ್ರಗೋಳದ ಗಡಿ ೨,೯೦೦ ಕಿಲೋಮೀಟರು ಆಳದಲ್ಲಿದೆ ಎಂದು ೧೯೧೩ರ ಸುಮಾರಿಗೆ ಜರ್ಮನಿಯ ಬೆನೊ ಗುಟೆನ್‌ಬರ್ಗ್ ಲೆಕ್ಕಹಾಕಿದನು. ಅಡ್ಡಡ್ಡಲಾಗಿ ಅಲುಗುವ ಅಲೆ ದ್ರವದಲ್ಲಿ ಹಾಯಲಾರದು. ಅದು ಕೇಂದ್ರಗೋಳದ ಬಳಿ ನಿಂತುಬಿಡುತ್ತಿತ್ತು. ಆದಕಾರಣ ಕೇಂದ್ರಗೋಳ ದ್ರವವೆಂದು ೧೯೨೬ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಜೆಫ್ರೀಸ್ ತೋರಿಸಿದನು. ಕಾಯಿಯ ಒಳಗೆ ನೀರಿದ್ದಿತು!

ನೀರಿನ ನಡುವೆ ಮತ್ತೆ ಏನೋ ಗಟ್ಟಿಯಾದುದಿದೆ ಎಂದು ಕಂಡವರು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ. ೧೯೨೯ರಲ್ಲಿ ನ್ಯೂಜಿಲೆಂಡಿನಲ್ಲಿ ಆದ ಭೂಕಂಪದ ಅಲೆಗಳು, ಕೇಂದ್ರಗೋಳದ ನೆರಳು ಬೀಳುವ ಭಾಗದಲ್ಲಿ, ಯಾವ ಅಲೆಯೂ ಬರಕೂಡದ ಕಡೆ, ತೆಳುವಾಗಿ ಬಂದಿದ್ದುವು. ಇತರರು ಅದನ್ನು ಬೇರೆ ಬಗೆಯಲ್ಲಿ ವಿವರಿಸಿ ಸುಮ್ಮನಾದರು. ಆಕೆ ಸುಮ್ಮನಾಗಲಿಲ್ಲ. ಗಣಕಯಂತ್ರಗಳಿಲ್ಲದ ಕಾಲ, ಭೂಕಂಪಗಳ ವಿವರಗಳನ್ನು ಚೀಟಿಗಳಲ್ಲಿ ಬರೆದು, ತಿಂಡಿಯ ರಟ್ಟಿನ ಡಬ್ಬಿಗಳಲ್ಲಿ ಜೋಡಿಸಿಟ್ಟುಕೊಂಡು, ಮನೆಯ ತೋಟದ ಮೇಜಿನ ಮುಂದೆ ಕುಳಿತು ಲೆಕ್ಕಮಾಡುತ್ತಿದ್ದರೆಂದು ಆಕೆಯ ಬಂಧುವೊಬ್ಬರು ನೆನೆದಿದ್ದಾರೆ. ದ್ರವದ ನಡುವೆ ಗಟ್ಟಿಯಾದ ಒಳಗೋಳವಿದ್ದು ಅಲೆಗಳು ಅದಕ್ಕೆ ತಾಗಿ ತಿರುಗಿವೆ ಎಂದು ೧೯೩೬ರಲ್ಲಿ ಅವರು ಪ್ರಕಟಿಸಿದರು. ನೂರನಾಲ್ಕು ವರ್ಷ ಬಾಳಿ ೧೯೯೩ರಲ್ಲಿ ತೀರಿಕೊಂಡ ಈ ವಿದುಷಿಯ ಮಾತನ್ನು ಇಂದು ಶಾಲೆಯ ಮಕ್ಕಳೂ ಓದುತ್ತಾರೆ.

ಇಷ್ಟನ್ನೂ ಒಟ್ಟುಗೂಡಿಸಿ ಹೇಳುವುದಾದರೆ ಭೂಮಿಯ ಕಟ್ಟು ಹೀಗಿದೆ. ಮೇಲೆ ತೆಳುವಾದ ಭೂಕವಚ. ಅದರ ಕೆಳಗೆ ೨,೯೦೦ ಕಿಲೋಮೀಟರಿನವರೆಗೆ ಮ್ಯಾಂಟಲ್. ಅಲ್ಲಿಂದ ೫,೧೫೦ ಕಿಲೋಮೀಟರಿನವರೆಗೆ ಕರಗಿದ ಕಬ್ಬಿಣವೇ ಮುಖ್ಯವಾಗಿರುವ ಹೊರ ಕೇಂದ್ರಗೋಳ. ನಟ್ಟನಡುವೆ, ಅಪಾರವಾದ ಶಾಖವಿದ್ದರೂ ಅದಕ್ಕಿಂತ ಅಪಾರವಾದ ಒತ್ತಡದಿಂದ ಗಟ್ಟಿಯಾಗಿಯೇ ಉಳಿದಿರುವ ಕಬ್ಬಿಣದ ಒಳಗೋಳ. ಹೊರ ಕೇಂದ್ರಗೋಳದ ದ್ರವಲೋಹದ ಸುಳಿದಾಟದಿಂದಲೇ ಭೂಮಿಗೆ ಕಾಂತಶಕ್ತಿ ಬಂದಿದೆ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದು ಅದೇ.

ಒಳಗಿನ ಮಾತು ಹೀಗಾಯಿತು. ಮೇಲಿನ ನೆಲವಾದರೂ ನೆಲೆಯಾಗಿ ನಿಂತಿದೆಯೇ? ನಿಂತಿಲ್ಲವೆಂದು ೧೯೧೨ರ ಜನವರಿಯಲ್ಲಿ ಫ್ರಾಂಕ್‌ಫರ್ಟಿನ ಒಂದು ಸಭೆಯಲ್ಲಿ ಹೇಳಿದವನು ಆಲ್ಫ್ರೆಡ್ ವೆಗೆನರ್. ಅವನು ಹವಾಮಾನಶಾಸ್ತ್ರಜ್ಞ, ಭೂವಿಜ್ಞಾನಿಗಳ ಪಂಕ್ತಿಗೆ ಹೊರಗಿನವನು. ಗ್ಲಾಸೊಪ್ಟೆರಿಸ್ ಎಂಬ ಪುರಾತನ ಸಸ್ಯದ ಎಲೆಯ ಅಚ್ಚು ಭಾರತದ ಕಲ್ಲಿದ್ದಲಿನ ನೆಲಗಳಲ್ಲಿಯೂ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳಲ್ಲಿಯೂ ಒಂದೇ ರೀತಿಯಾಗಿ ದೊರೆಯುತ್ತಿತ್ತು. ಈ ಭೂಭಾಗಗಳೆಲ್ಲ ಹಿಂದೆ ಕೂಡಿಕೊಂಡಿದ್ದುವೆಂದು ಆಸ್ಟ್ರಿಯದ ಎಡ್ವರ್ಡ್ ಸ್ಯೂಸ್ ಮೊದಲೇ ತರ್ಕಿಸಿ, ಆ ಮಹಾಖಂಡಕ್ಕೆ ಗೊಂಡ್ವಾನ ಎಂಬ ಹೆಸರನ್ನು ಬಳಕೆಗೆ ತಂದಿದ್ದನು. ನಮ್ಮ ಮಧ್ಯಭಾರತದ ಗೊಂಡರ ನಾಡಿನ ಹೆಸರು ಅದು. ನಡುವಣ ನೆಲ ಸಮುದ್ರದಲ್ಲಿ ಮುಳುಗಿಹೋಯಿತೆಂದು ಸ್ಯೂಸನ ಮತ. ಹಗುರವಾಗಿ ತೇಲುವ ಭೂಖಂಡ ಮುಳುಗುವುದು ಹೇಗೆ ಎಂದು ವೆಗೆನರ್ ಕೇಳಿದನು. ಮುಳುಗಿಲ್ಲ, ದೂರ ಸರಿದಿದೆ ಎಂದನು.

ಪಂಡಿತರು ಒಪ್ಪಲಿಲ್ಲ. ಖಂಡವನ್ನು ತಳ್ಳುವ ಶಕ್ತಿ ಯಾವುದು ಎಂಬ ಪ್ರಶ್ನೆಗೆ ವೆಗೆನರ್ ಕೊಟ್ಟ ಉತ್ತರ ದುರ್ಬಲವಾಗಿದ್ದುದು ನಿಜ. ಕೇಂದ್ರಗೋಳ ದ್ರವವೆಂದು ತೋರಿಸಿದ ಜೆಫ್ರೀಸನೇ ಈ ವಾದದ ದೊಡ್ಡ ವಿರೋಧಿಯಾದನು. ೧೯೩೦ರ ನವೆಂಬರಿನಲ್ಲಿ, ಐವತ್ತು ತುಂಬಿದ ಕೆಲವೇ ದಿನಗಳಲ್ಲಿ, ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಜೊತೆಗಾರರಿಗೆ ಸಾಮಾನು ಮುಟ್ಟಿಸಿ ಹಿಂದಿರುಗುವಾಗ ವೆಗೆನರ್ ಪ್ರಾಣ ಬಿಟ್ಟನು. ತನ್ನ ಮಾತು ಗೆದ್ದುದನ್ನು ಅವನು ಕಾಣಲಿಲ್ಲ.

ಶಕ್ತಿ ಎಲ್ಲಿಂದ ಎಂಬುದಕ್ಕೆ ೧೯೨೮ರಲ್ಲಿಯೇ ಆರ್ಥರ್ ಹೋಮ್ಸ್ ಒಂದು ದಾರಿ ತೋರಿಸಿದ್ದನು. ಒಲೆಯ ಮೇಲಿನ ಪಾತ್ರೆಯಲ್ಲಿ ಬಿಸಿಯಾದ ನೀರು ಮೇಲೆದ್ದು, ಪಕ್ಕಕ್ಕೆ ಸರಿದು, ತಣಿದು ಕೆಳಗಿಳಿಯುವಂತೆ ಮ್ಯಾಂಟಲಿನ ಬಂಡೆಯೂ ಬಹು ನಿಧಾನವಾಗಿ ಸುತ್ತುತ್ತಿರಬೇಕೆಂದು ಅವನ ಸೂಚನೆ. ಗಟ್ಟಿ ಬಂಡೆ ಹರಿಯುವುದುಂಟೆ ಎನ್ನಬೇಡಿ. ರಸ್ತೆಗೆ ಹಾಕುವ ಡಾಂಬರಿನ ಗಟ್ಟಿಯನ್ನು ಸುತ್ತಿಗೆಯಿಂದ ಹೊಡೆದರೆ ಚೂರಾಗುತ್ತದೆ. ಅದನ್ನೇ ತಿಂಗಳುಗಟ್ಟಲೆ ಬಿಟ್ಟರೆ ತನ್ನ ಭಾರಕ್ಕೆ ತಾನೇ ಹರಡಿಕೊಳ್ಳುತ್ತದೆ. ಲಕ್ಷಾಂತರ ವರ್ಷಗಳ ಮುಂದೆ ಬಿಸಿಬಂಡೆಯ ಗುಣವೂ ಹಾಗೆಯೇ.

ಸಾಕ್ಷಿ ದೊರೆತುದು ಸಮುದ್ರದ ತಳದಲ್ಲಿ. ೧೯೫೨ರಲ್ಲಿ ಅಮೆರಿಕದ ಮೇರಿ ಥಾರ್ಪ್ ಎಂಬ ಮಹಿಳೆ ಹಡಗುಗಳು ತಂದ ಆಳದ ಅಳತೆಗಳಿಂದ ಅಟ್ಲಾಂಟಿಕ್ ಸಾಗರದ ತಳದ ನಕ್ಷೆಯನ್ನು ಬರೆಯುತ್ತಿದ್ದರು. ಹೆಂಗಸರನ್ನು ಆ ಹಡಗಿಗೆ ಹತ್ತಿಸದಿದ್ದ ಕಾಲವದು. ಸಾಗರದ ನಡುವೆ ಹಬ್ಬಿರುವ ಬೆಟ್ಟಸಾಲಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಸೀಳುಕಣಿವೆ ಕಂಡಿತು. ಜೊತೆಗಾರ ಬ್ರೂಸ್ ಹೀಜನ್ ಮೊದಲು ನಂಬಲಿಲ್ಲ. ಭೂಕಂಪಗಳ ನೆಲೆಗಳನ್ನು ಗುರುತಿಸಿದ ಇನ್ನೊಂದು ನಕ್ಷೆಯನ್ನು ಇದರ ಮೇಲಿಟ್ಟಾಗ ನಡುಕಗಳೆಲ್ಲ ಆ ಸೀಳಿನ ಉದ್ದಕ್ಕೂ ಸಾಲುಗಟ್ಟಿ ನಿಂತುವು. ಮತ್ತೆ ಭೂಕಂಪವೇ ಸಾಕ್ಷಿ ಹೇಳಿತು.

ಮುಂದಿನ ಸಾಕ್ಷಿ ನಮ್ಮ ಹಿಂದೂ ಮಹಾಸಾಗರದ್ದು. ಕರಗಿದ ಕಲ್ಲು ತಣಿದು ಗಟ್ಟಿಯಾಗುವಾಗ ಆಗಿನ ಭೂಕಾಂತದ ದಿಕ್ಕು ಅದರಲ್ಲಿ ಅಚ್ಚಾಗಿ ಉಳಿಯುತ್ತದೆ. ಭೂಮಿಯ ಕಾಂತದ ಉತ್ತರ ದಕ್ಷಿಣಗಳು ಕಾಲಕಾಲಕ್ಕೆ ಅದಲುಬದಲಾಗಿವೆ. ಅರಬ್ಬೀ ಸಮುದ್ರದ ದಕ್ಷಿಣಕ್ಕಿರುವ ಕಾರ್ಲ್ಸ್‌ಬರ್ಗ್ ಎಂಬ ಮುಳುಗುಬೆಟ್ಟದ ಅಳತೆಗಳಿಂದ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ೧೯೬೩ರಲ್ಲಿ ಹೀಗೆ ತರ್ಕಿಸಿದರು: ಸೀಳಿನಿಂದ ಹೊಸ ಕಲ್ಲು ಮೇಲೆದ್ದು ಎರಡು ಕಡೆಗೂ ಸರಿಯುತ್ತಿದ್ದರೆ, ಅದರ ಇಕ್ಕೆಲಗಳಲ್ಲಿ ನೇರ ಕಾಂತ, ತಿರುಗುಮುರುಗು ಕಾಂತಗಳ ಪಟ್ಟೆಗಳು ಸೀರೆಯ ಎರಡು ಅಂಚುಗಳಂತೆ ಸರಿಜೋಡಿಯಾಗಿರಬೇಕು. ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಸಾಗರ ಸಾಗರಗಳಲ್ಲಿ ಆ ಜೋಡಿಪಟ್ಟೆಗಳು ಕಂಡುಬಂದುವು. ೧೯೬೭-೬೮ರ ಹೊತ್ತಿಗೆ ಭೂಫಲಕಗಳ ಸಿದ್ಧಾಂತ ರೂಪುಗೊಂಡಿತು. ಭೂಕವಚವೂ ಅದಕ್ಕಂಟಿದ ಮ್ಯಾಂಟಲಿನ ಮೇಲ್ಭಾಗವೂ ಕೂಡಿ ಏಳೆಂಟು ದೊಡ್ಡ, ಹಲವು ಚಿಕ್ಕ ಫಲಕಗಳಾಗಿ ಒಡೆದಿವೆ. ಒಂದು ಕಡೆ ಅವು ದೂರ ಸರಿಯುತ್ತವೆ, ಒಂದು ಕಡೆ ಉಜ್ಜಿಕೊಂಡು ಹಾಯುತ್ತವೆ, ಒಂದು ಕಡೆ ಒಂದರ ಕೆಳಗೊಂದು ನುಸುಳುತ್ತವೆ. ೨೦೦೪ರ ಡಿಸೆಂಬರ್ ೨೬ರ ಸುನಾಮಿಯನ್ನು ಎಬ್ಬಿಸಿದುದು ಸುಮಾತ್ರದ ಬಳಿ ಹೀಗೆ ನುಸುಳುತ್ತಿರುವ ಸಮುದ್ರತಳ.

ಭಾರತದ ಪಯಣದ ಗುರುತುಗಳನ್ನು ನೀವು ಮನೆಯ ಹತ್ತಿರವೇ ನೋಡಬಹುದು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿ ಕಂಬಗಳಂತೆ ನಿಂತಿರುವ ಕಲ್ಲುಗಳು ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದಿನ ಲಾವಾ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ವಿಜಾಪುರದ ಗೋಳಗುಮ್ಮಟದ ಕಪ್ಪುಕಲ್ಲು ದಖ್ಖನಿನ ಮೇಲೆ ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ ಹರಡಿದ ಲಾವಾದ ಜಾತಿಯದು. ಆ ಲಾವಾ ಗಟ್ಟಿಯಾದಾಗ ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕೆ ಬಹುದೂರದಲ್ಲಿದ್ದಿತೆಂದು ಅದರೊಳಗಿನ ಕಾಂತದ ಗುರುತು ಹೇಳುತ್ತದೆ. ಸುಮಾರು ೫ ಕೋಟಿ ವರ್ಷಗಳ ಹಿಂದೆ ಭಾರತ ಏಷ್ಯಾಕ್ಕೆ ತಾಗಿತು. ನಡುವಣ ಸಮುದ್ರದ ತಳ ಮಡಿಸಿಕೊಂಡು ಮೇಲೆದ್ದು ಹಿಮಾಲಯವಾಯಿತು. ನಿಮ್ಮ ದೇವರಮನೆಯಲ್ಲಿ ಗಂಡಕೀ ನದಿಯ ಸಾಲಿಗ್ರಾಮವಿದ್ದರೆ ಅದರ ಸುರುಳಿಯನ್ನು ಒಮ್ಮೆ ನೋಡಿರಿ. ಆ ಸಮುದ್ರದಲ್ಲಿ ಬಾಳಿದ ಒಂದು ಚಿಪ್ಪುಪ್ರಾಣಿಯ ಗುರುತು ಅದು.

ಪಯಣ ಮುಗಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಉಪಗ್ರಹ ಸಂಕೇತಗಳ ಗ್ರಾಹಕದ ಅಳತೆಯಂತೆ ನಮ್ಮ ನೆಲ ವರ್ಷಕ್ಕೆ ಸುಮಾರು ೫ ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಹೆಚ್ಚುಕಡಮೆ ನಮ್ಮ ಉಗುರು ಬೆಳೆಯುವ ವೇಗ. ಲ್ಯಾಂಬ್ಟನ್ ಸರಪಣಿ ಹಿಡಿದು ಅಳೆದ ಗೆರೆ ಅಂದಿನಿಂದ ಇಂದಿಗೆ ಹನ್ನೊಂದು ಮೀಟರು ಪಯಣ ಮಾಡಿದೆ.

ಆದರೂ ದಕ್ಷಿಣದವರಾದ ನಮಗೆ ಒಂದು ಸಮಾಧಾನವಿದ್ದಿತು. ಅಂಚಿನಲ್ಲಿರುವ ಹಿಮಾಲಯ, ಅಸ್ಸಾಮುಗಳು ನಡುಗಬಹುದು; ಫಲಕದ ನಡುವಿನಲ್ಲಿರುವ ನಮ್ಮದು ಮುನ್ನೂರು ಕೋಟಿ ವರ್ಷಗಳ ಗಟ್ಟಿ ಬಂಡೆ ಎಂದು. ೧೯೬೭ರ ಡಿಸೆಂಬರ್ ೧೧ರಂದು ಮಹಾರಾಷ್ಟ್ರದ ಕೊಯ್ನಾದಲ್ಲಿ ನೆಲ ನಡುಗಿ ನೂರೆಂಬತ್ತರಷ್ಟು ಜನ ಸತ್ತಾಗ ಆ ಸಮಾಧಾನ ಬಿರುಕುಬಿಟ್ಟಿತು. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ನಮ್ಮ ಕಲಬುರಗಿ, ಬೀದರಗಳ ನೆರೆಯ ಕಿಲ್ಲಾರಿಯಲ್ಲಿ ಅದು ಕುಸಿದೇ ಹೋಯಿತು. ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ಮಣ್ಣಿನಲ್ಲಿ ಉರುಟುಕಲ್ಲನ್ನಿಟ್ಟು ಕಟ್ಟಿದ ದಪ್ಪ ಗೋಡೆಗಳು, ಮೇಲೆ ಮಣ್ಣಿನ ಭಾರವಾದ ಮಾಳಿಗೆ. ಎಲ್ಲವೂ ಮಲಗಿದವರ ಮೇಲೆ ಬಿದ್ದುವು. ಸತ್ತವರು ಎಂಟು ಸಾವಿರವೆಂದು 
ಒಂದು ಲೆಕ್ಕ, ಹತ್ತು ಸಾವಿರದ ಸಮೀಪವೆಂದು ಇನ್ನೊಂದು. ಅಸ್ಸಾಮಿನ ಭೂಕಂಪಕ್ಕೆ ಹೋಲಿಸಿದರೆ ಇದರ ಶಕ್ತಿ ನೂರರಲ್ಲಿ ಒಂದು ಪಾಲೂ ಇರಲಿಲ್ಲ. ಸಾವು ಮಾತ್ರ ಐದಾರು ಪಟ್ಟು. ದೇಶದ ಭೂಕಂಪ ವಲಯಗಳ ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಅತ್ಯಂತ ಕಡಮೆ ಅಪಾಯದ ಒಂದನೆಯ ವಲಯದಲ್ಲಿದ್ದಿತು. ೨೦೦೨ರಲ್ಲಿ ನಕ್ಷೆಯನ್ನು ತಿದ್ದಿದಾಗ ಆ ಒಂದನೆಯ ವಲಯವನ್ನೇ ತೆಗೆದುಹಾಕಿದರು. ಅಪಾಯವಿಲ್ಲದ ನೆಲವೆಂಬುದು ದೇಶದಲ್ಲಿ ಇಲ್ಲವೆಂದು ಒಪ್ಪಿಕೊಂಡಂತಾಯಿತು.

ಈಗ ಓಲ್ಡ್‌ಹ್ಯಾಮನ ವರದಿಯ ಮಾತನ್ನು ನೆನೆಯಿರಿ. ಭಾರವಾದ ಕಲ್ಲುಮನೆ ಉರುಳಿತು. ಹಗುರವಾಗಿ, ಒಂದಕ್ಕೊಂದು ಬಿಗಿದು ಕಟ್ಟಿದ ಮನೆ ಉಳಿಯಿತು. ಅಸ್ಸಾಮಿನ ಜನ ಈ ಪಾಠವನ್ನು ಕಲಿತು ಮರದ ಚೌಕಟ್ಟು, ಜೊಂಡಿನ ಗೋಡೆ, ತಗಡಿನ ಮಾಡಿನ ಮನೆಗಳನ್ನು ಕಟ್ಟಿಕೊಂಡರು. ಅದೇ ಪಾಠ ತೊಂಬತ್ತಾರು ವರ್ಷಗಳಾದರೂ ಕಿಲ್ಲಾರಿಯ ಗೋಡೆಗಳಿಗೆ ಬಂದು ಮುಟ್ಟಿರಲಿಲ್ಲ. ಭೂಕಂಪದ ಅಲೆ ಅಸ್ಸಾಮಿನಿಂದ ಇಟಲಿಗೆ ಕೆಲವೇ ನಿಮಿಷಗಳಲ್ಲಿ ಹೋಯಿತು. ಅದರಿಂದ ಹುಟ್ಟಿದ ತಿಳಿವಳಿಕೆ ಒಂದು ಶತಮಾನದಲ್ಲಿ ನಮ್ಮ ನೆರೆಯೂರಿಗೆ ಬರಲಿಲ್ಲ.

ಭೂಕಂಪ ಯಾವ ದಿನ ಬರುವುದೆಂದು ಯಾವ ವಿಜ್ಞಾನಿಯೂ ಹೇಳಲಾರನು; ಹೇಳುತ್ತೇನೆಂದು ಬಂದವನ ಮಾತನ್ನು ನಂಬಬೇಡಿ. ಮನೆಯನ್ನು ಗಟ್ಟಿ ಮಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಕಲ್ಲಿನ ಗೋಡೆಯಾದರೆ ಒಳಮೈ ಹೊರಮೈಗಳನ್ನು ಕೂಡಿಸುವ ಉದ್ದಗಲ್ಲುಗಳಿರಲಿ. ಮೂಲೆಗಳು ಚೆನ್ನಾಗಿ ಹೆಣೆದುಕೊಂಡಿರಲಿ. ಮಾಡಿನ ಭಾರ ಕಡಮೆಯಿರಲಿ. ಬಾಗಿಲು ಕಿಟಕಿಗಳ ಮೇಲೆ ಹಾಕುವ ಕಾಂಕ್ರೀಟಿನ ಪಟ್ಟಿಯನ್ನು ಅಲ್ಲಲ್ಲಿಗೆ ನಿಲ್ಲಿಸದೆ ಮನೆಯ ಸುತ್ತಲೂ ಒಂದೇ ಸಮನೆ ಒಯ್ದರೆ, ಪೆಟ್ಟಿಗೆಗೆ ಕಟ್ಟಿದ ಹಗ್ಗದಂತೆ ಅದು ಗೋಡೆಗಳನ್ನು ಹಿಡಿದಿಡುತ್ತದೆ. ಇದಕ್ಕೆ ತಗಲುವ ವೆಚ್ಚ ಮನೆಯ ಒಟ್ಟು ವೆಚ್ಚದಲ್ಲಿ ಅಲ್ಪಭಾಗ. ನಿಮ್ಮ ಮನೆಯಾಗಲಿ, ಊರಿನ ಶಾಲೆಯಾಗಲಿ, ಮುಂದಿನ ಸಾರಿ ಕಟ್ಟಡದ ಕೆಲಸ ನಡೆಯುವಾಗ ಆ ಪಟ್ಟಿ ಸುತ್ತಲೂ ಹಾಯ್ದಿದೆಯೇ ಎಂದು ಮೇಸ್ತ್ರಿಯನ್ನು ಒಂದು ಮಾತು ಕೇಳಿರಿ.